ಜಾಗೃತಿಗೆ ಹೋದ ವ್ಯಾನು

ಮಾರ್ಚ್ 3, ಬೆಳಿಗ್ಗೆ

ನೀರು ಕಾಯಿಸಿಟ್ಟೆ. ಹಾಸಿಗೆ ಕೊಡವಿದೆ. ಫ್ಯಾನು ಇವತ್ತೂ ಕಿರುಗುಟ್ಟುತ್ತಿದೆ. ಕುಡಿತ ಬಿಡಿಸುವ ಕೇಂದ್ರವೆಂದರೆ ಇಷ್ಟೇ — ಎರಡು ಕೋಣೆ, ಕೆಲವು ಮಂಚ, ನರ್ಸ್ ಎಂದು ನಾನೊಬ್ಬಳು, ಮಂಗಳವಾರ ಮಾತ್ರ ಬರುವ ಡಾಕ್ಟರು, ಒಂದು ವ್ಯಾನು. ಸುತ್ತಲಿನ ಹಳ್ಳಿಗಳಿಗೆಲ್ಲ ಇದೊಂದೇ.

ನಾಳೆ ಗುಡ್ಡದಾಚೆಯಿಂದ ಬಡಗಿಯನ್ನು ಕರೆತರಬೇಕು. ಎಷ್ಟು ಸಲ ಹೋಗಿ ಮಾತಾಡಿದ ಮೇಲೆ ಒಪ್ಪಿದ್ದಾನೆ! ಹೆಂಡತಿ ಫೋನಿನಲ್ಲಿ ಅಳುತ್ತಲೇ ನಕ್ಕಳು. "ಬಟ್ಟೆ ಗಂಟು ಕಟ್ಟಿ ಬಾಗಿಲಲ್ಲೇ ಇಟ್ಕೊಂಡಿದಾರೆ ಅಕ್ಕಾ."

ಮಾರ್ಚ್ 4

ವ್ಯಾನ್ ಇಲ್ಲ! ಮೇಲಧಿಕಾರಿ ತರಿಸಿಕೊಂಡಿದ್ದಾರೆ. ಕುರ್ಚಿ, ಮೈಕು ಸಾಗಿಸಲು. ಯಾವ ಕಾರ್ಯಕ್ರಮಕ್ಕೆ? ದುಶ್ಚಟ ಮುಕ್ತ ಸಮಾಜ ಜಾಗೃತಿ ಸಮಾವೇಶಕ್ಕೆ. ನಗಬೇಕೋ, ಹೋಗಿ ಯಾರ ಕಪಾಳಕ್ಕಾದರೂ ಬಾರಿಸಬೇಕೋ...

ಫೋನ್ ಮಾಡಿದೆ. "ಸಮಾವೇಶ ಮುಗೀಲಿ, ಕೊಡ್ತೀವಮ್ಮ. ಕುಡುಕ ಎಲ್ಲಿಗೆ ಓಡಿಹೋಗ್ತಾನೆ?" ಆ ಕಡೆ ಯಾರೋ ನಕ್ಕಿದ್ದು ಕೇಳಿಸಿತು.

ಮಾರ್ಚ್ 6, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಬಡಗಿಯ ಹೆಂಡತಿಯ ಫೋನು. "ಅಕ್ಕಾ, ಬಿದ್ದು ಒದ್ದಾಡ್ತಿದಾರೆ, ಬಾಯಲ್ಲಿ ನೊರೆ!" ನಾವು ಬರುವ ತನಕ ಪೂರ್ತಿ ನಿಲ್ಲಿಸಬೇಡ ಎಂದಿದ್ದೆ. ಕೇಳಲಿಲ್ಲ. ಚೊಕ್ಕವಾಗಿ ಬರಬೇಕೆಂದು, ವ್ಯಾನನ್ನು ನಂಬಿ, ಒಮ್ಮೆಲೇ ಬಿಟ್ಟಿದ್ದಾನೆ. ಔಷಧವಿಲ್ಲದೆ ಹಾಗೆ ಬಿಟ್ಟರೆ ಫಿಟ್ಸ್ ಬರುತ್ತದೆ. ಜೀವವೇ ಹೋಗಬಹುದು.

ಸಮಾವೇಶದ ಮೈದಾನಕ್ಕೆ ಓಡಿದೆ. ವೇದಿಕೆಯಲ್ಲಿ ಮೇಲಧಿಕಾರಿಯ ಭಾಷಣ. ವ್ಯಾನಿನ ಮೈತುಂಬ ಬ್ಯಾನರು. "ಸಾಹೇಬರನ್ನ ಕೇಳ್ಬೇಕು ಸಿಸ್ಟರ್" ಎಂದ ಡ್ರೈವರ್. ಕೇಳಿದೆ — ವೇದಿಕೆ ಹತ್ತಿ. ಮೈಕು ಚಾಲೂ ಇತ್ತು.

"ಸರ್, ನಿಮ್ಮ ಭಾಷಣ ಮುಗಿಯೋದರೊಳಗೆ ಒಬ್ಬ ಸಾಯ್ತಾನೆ. ವ್ಯಾನ್ ಬೇಕು."

ಮೈದಾನಕ್ಕೆಲ್ಲ ಕೇಳಿಸಿತು. ಸಾಹೇಬರದು ಹರಳೆಣ್ಣೆ ಕುಡಿದ ಮುಖ. ಡ್ರೈವರ್ ಅವರ ಉತ್ತರಕ್ಕೆ ಕಾಯದೆ ಸ್ಟಾರ್ಟ್ ಮಾಡಿದ್ದ.

ಬಡಗಿ ಬದುಕಿದ. ನಾಲಿಗೆ ಕಚ್ಚಿಕೊಂಡಿದ್ದಾನೆ. ದೊಡ್ಡಾಸ್ಪತ್ರೆಗೆ ಸೇರಿಸಿ ಬಂದೆ. ಕಣ್ಣು ಬಿಟ್ಟವನ ಮೊದಲ ಮಾತು: "ಬರ್ತೀನಿ ಅಂದಿದ್ರಲ್ಲ ಅಕ್ಕಾ..."

ಮಾರ್ಚ್ 11

ನೋಟಿಸ್ ಬಂತು. ಅಶಿಸ್ತಂತೆ. ವ್ಯಾನನ್ನು ಕಚೇರಿಯಲ್ಲೇ ನಿಲ್ಲಿಸಿ ಬೀಗ ಹಾಕಿಕೊಂಡಿದ್ದಾರೆ.

ಅತ್ತೆ ಊಟಕ್ಕೆ ಬಡಿಸುತ್ತ, "ಕ್ಷಮೆ ಕೇಳಿಬಿಡೇ. ಕುಡುಕರಿಗೋಸ್ಕರ ಕೆಲಸ ಕಳ್ಕೋತೀಯಾ?" ಎಂದರು. ತಟ್ಟೆ ಸರಿಸಿ ಎದ್ದೆ. ಕೇಳುವುದಿಲ್ಲ. ಕೇಳುವುದಾದರೆ ಬಡಗಿಯನ್ನು ಕೇಳುತ್ತೇನೆ.

ಮಾರ್ಚ್ 29

ಮಂಚಗಳೆಲ್ಲ ಖಾಲಿ. ವ್ಯಾನಿಲ್ಲದೆ ಯಾರು ಬಂದಾರು? ಮೇಲಧಿಕಾರಿ ಬಂದು ಇಣುಕಿದರು. "ರೋಗಿಗಳೇ ಇಲ್ವಲ್ಲ, ಮುಚ್ಚಬಹುದು." ಕಾಲು ಮುರಿದು ಹಾಕಿದವರೇ ಓಡಲಿಲ್ಲ ಎಂದು ಬೈಯುವುದು!

ಏಪ್ರಿಲ್ 2, ಬೆಳಿಗ್ಗೆ

ಅಂಗಳದಲ್ಲಿ ಹಾಲಿನ ಟೆಂಪೊ. ಕ್ಯಾನುಗಳ ನಡುವಿನಿಂದ ಬಡಗಿ ಇಳಿದ, ಹೆಂಡತಿ ಇಳಿದಳು, ಹಿಂದೆಯೇ ಅವನ ಕುಡಿತದ ಗೆಳೆಯರಿಬ್ಬರು. "ಇವರೂ ಬಿಡ್ತಾರಂತೆ" ಎಂದಳು, ಇಬ್ಬರ ತೋಳನ್ನೂ ಬಿಗಿಯಾಗಿ ಹಿಡಿದು. ಓಡಿಹೋದಾರೆಂದು ಭಯವಿರಬೇಕು. ಮುಚ್ಚಲಿ ನೋಡೋಣ ಈಗ!

ಮೂವರಿಗೂ ಮಂಚ ತೋರಿಸಿ ಬಂದೆ. ಟೆಂಪೊ ಇನ್ನೂ ನಿಂತೇ ಇದೆ. ಅದರ ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದಾನೆ. "ಹಾಲು ಕೆಡುತ್ತೆ, ಹೊರಡಪ್ಪ" ಎಂದೆ. ಕದಲಲಿಲ್ಲ.

ಈಗ ಇಳಿದ. ಬಾಗಿಲಿಗೆ ಬಂದು ನಿಂತಿದ್ದಾನೆ. ಕೈ ಬೆನ್ನ ಹಿಂದೆ — ನಡುಕ ನನಗೆ ಕಾಣಬಾರದೆಂದು.

"ಅಕ್ಕಾ, ಇನ್ನೊಂದು ಮಂಚ—"