ಹಳೆಯ ರಾಶಿಯ ಸಗಣಿ

ಲಾ ಪೆನ್ಯಾ, ವೆವೆತೆನಾಂಗೊ
ಏಪ್ರಿಲ್ 6

ಪ್ರೀತಿಯ ಹಸಿಂತಾ ಅಕ್ಕ,

ಕ್ಷೇಮವೇ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ಎಸ್ಟೇಟಿನ ಆ ತಗಡಿನ ಶೆಡ್ಡಿನಲ್ಲಿ ಮಕ್ಕಳಿಬ್ಬರಿಗೂ ನಿದ್ದೆ ಬರುತ್ತದೆಯೇ? ಒಂದು ಕಡೆ ಕೂರಲಾರದೆ ಶಾಲೆ ಬಿಟ್ಟವಳು ನಾನು. ಮೂರು ಹಾಳೆ ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು.

ನಿನ್ನ ಎರೆಹುಳುಗಳನ್ನು ಕೊಂದದ್ದು ನೀನಲ್ಲ, ನಾನು.

ನಮ್ಮ ಹೆಂಗಸರ ಗೊಬ್ಬರದ ಗುಂಪಿನಿಂದ ಹುಳು ಪಡೆದವಳು ವರ್ಷದೊಳಗೆ ಅಷ್ಟೇ ಹುಳುಗಳನ್ನು ಮುಂದಿನವಳಿಗೆ ದಾಟಿಸಬೇಕಲ್ಲ, ಜನವರಿಯಲ್ಲಿ ನಾನು ನಿನಗೆ ದಾಟಿಸಿದೆ. ಚರ್ಚಿನ ಜಗಲಿಯಲ್ಲಿ ಹುಳುಗಳ ಬಕೆಟ್ಟನ್ನು ನೀನು ಹಸುಗೂಸಿನ ಹಾಗೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೆ. ಗಂಡೋ ಹೆಣ್ಣೋ ಎಂದು ಕ್ಲೆಮೆಂತಾ ಅತ್ತೆ ಕೆಣಕಿದರು. "ಒಂದೊಂದೂ ಎರಡೂ ಕಣತ್ತೆ, ಗಂಡಸ್ರ ಕಾಟಾನೇ ಇಲ್ಲ" ಅಂದೆ ನೀನು. ಗೊಬ್ಬರ ಮಾರಲು ಶುರುವಾದರೆ ಮಕ್ಕಳನ್ನು ಎಳೆದುಕೊಂಡು ಎಸ್ಟೇಟಿಗೆ ಕಾಫಿಹಣ್ಣು ಬಿಡಿಸಲು ಹೋಗುವುದು ತಪ್ಪುತ್ತದೆ ಎಂದು ದಾರಿಯುದ್ದಕ್ಕೂ ಹೇಳಿದೆ. ಹುಳುಗಳ ಮೊದಲ ಊಟಕ್ಕೆಂದು ನಾನೊಂದು ಚೀಲ ಸಗಣಿಯನ್ನೂ ಕೊಟ್ಟೆ.

ಹತ್ತು ದಿನಕ್ಕೆ ನಿನ್ನ ಗೊಬ್ಬರದ ತೊಟ್ಟಿಯಲ್ಲಿ ಒಂದು ಹುಳುವೂ ಉಳಿಯಲಿಲ್ಲ. ಆರದ ಕಾಫಿಸಿಪ್ಪೆ ಹಾಕಿ ಅದರ ಕಾವಿಗೆ ಸಾಯಿಸಿದ್ದಾಳೆ ಎಂದು ಗುಂಪಿನ ಸಭೆ ತೀರ್ಮಾನಿಸಿತು. ಕೈಯಿಟ್ಟು ನೋಡಿಯೇ ಹಾಕಿದ್ದೆ, ತಣ್ಣಗಿತ್ತು ಎಂದು ನೀನು ಹೇಳುತ್ತಲೇ ಇದ್ದೆ. ಹುಳು ಸಾಯಿಸಿದವಳಿಗೆ ಎರಡನೇ ಬಕೆಟ್ ಇಲ್ಲವೆಂಬುದು ಗುಂಪಿನ ನಿಯಮ. ನಿನ್ನ ಪಕ್ಕದಲ್ಲೇ ಕೂತು ನಾನು ಕಿತ್ತಳೆ ಸುಲಿಯುತ್ತಿದ್ದೆ.

ಆ ಸಗಣಿ ನಮ್ಮ ಅಜ್ಜನ ಹಸುವಿನದು. ಅದರ ಹೊಟ್ಟೆಯಲ್ಲಿ ಜಂತುಹುಳು ಎಂದು ಅಜ್ಜ ಸೂಜಿ ಹಾಕಿಸಿದ್ದ. ಆ ಔಷಧ ವಾರಗಟ್ಟಲೆ ಸಗಣಿಯಲ್ಲೂ ಇಳಿಯುತ್ತದೆ. ಜಂತುಹುಳುವನ್ನು ಕೊಲ್ಲುವಂಥದ್ದು ಎರೆಹುಳುವೆಂದು ಬಿಡುತ್ತದೆಯೇ? ಸಭೆ ಮುಗಿದ ಮೇಲೆ ಹಾಲಿನ ಪುಡಿ ಡಬ್ಬಿಯಲ್ಲಿ ಅದೇ ಸಗಣಿ ತುಂಬಿ ಹತ್ತು ಹುಳು ಬಿಟ್ಟು ನೋಡಿದೆ. ಮರುದಿನ ಹತ್ತೂ ಮುಚ್ಚಳಕ್ಕೆ ಅಂಟಿಕೊಂಡಿದ್ದವು, ತಪ್ಪಿಸಿಕೊಳ್ಳಲು. ನಾಲ್ಕನೇ ದಿನ ಒಂದೂ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ನೀನು ಮಕ್ಕಳೊಂದಿಗೆ ಎಸ್ಟೇಟಿನ ಲಾರಿ ಹತ್ತಿಯಾಗಿತ್ತು.

ಆಮೇಲೆ ಎರಡು ತಿಂಗಳು ಸುಮ್ಮನಿದ್ದೆ. ಪಟ್ಟಣಕ್ಕೆ ಓಡಿಹೋಗೋಣವೆಂದು ಎರಡು ಸಲ ಚೀಲ ಕಟ್ಟಿದೆ, ಎರಡು ಸಲ ಬಿಚ್ಚಿದೆ. ತೊಟ್ಟಿಯ ಮೇಲಿನ ಬಾಳೆಲೆ ಸರಿಸಿದಾಗಲೆಲ್ಲ ನನ್ನ ಹುಳುಗಳು ಕೊಬ್ಬಿ ಕೆಂಪಗೆ ಹೊಳೆಯುತ್ತಿದ್ದವು. ನೋಡಲಾಗುತ್ತಿರಲಿಲ್ಲ.

ಕಳೆದ ಭಾನುವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕ್ಲೆಮೆಂತಾ ಅತ್ತೆ ಕೇಳಿದರು:

"ಆವತ್ತು ಬಾಯಲ್ಲೇನಿತ್ತೇ, ಒದಿಲಿಯಾ?"

"ಕಿತ್ತಳೆ ಇತ್ತು, ಅತ್ತೆ."

ಸಗಣಿ ಕೊಡುವಾಗ ನನಗಿದು ಗೊತ್ತಿತ್ತೇ ಎಂದು ಅವರು ಕೇಳಿದರು. ಗೊತ್ತಿರಲಿಲ್ಲ ಎಂದೆ. ನಿನ್ನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದ್ದಾರೆ. ನನ್ನ ತೊಟ್ಟಿಯಿಂದಲೇ ನಿನಗೆ ಬಕೆಟ್ ಹೋಗಬೇಕು, ಅದು ನಿನ್ನ ಕೈ ಸೇರುವವರೆಗೆ ನನ್ನ ಗೊಬ್ಬರವನ್ನು ಗುಂಪು ಮಾರುವುದಿಲ್ಲ. ಅದು ಸರಿಯಾಗಿದೆ.

ಬಕೆಟ್ ತುಂಬಿ ನಮ್ಮ ಮನೆಯ ಹಿಂದೆ ನೆರಳಲ್ಲಿಟ್ಟಿದ್ದೇನೆ. ಪದ್ಧತಿಯಂತೆ ನೀನೇ ಬಂದು ಹೊರಬೇಕು. ಬೆನ್ನಿಗೆ ಕಟ್ಟುವ ಬಟ್ಟೆ ತಾ.

ನಿನ್ನ ಚಿಕ್ಕಪ್ಪನ ಮಗಳು,
ಒದಿಲಿಯಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಸಭೆಯಲ್ಲಿ ಹೇಳಿದ್ದು ಸುಳ್ಳು. ಜನವರಿಯಲ್ಲಿ ನಮ್ಮ ಹಿತ್ತಲಲ್ಲಿ ಎರಡು ರಾಶಿ ಸಗಣಿ ಇತ್ತು. ಒಂದು ಹಳೆಯದು, ಇನ್ನೊಂದು ಸೂಜಿಯ ನಂತರದ್ದು. "ಹೊಸದನ್ನ ಹುಳಕ್ಕೆ ಹಾಕ್ಬೇಡ ಮಗಾ" ಎಂದು ಅಜ್ಜ ಹೇಳಿದ್ದ. ಸಾಯುತ್ತವೆ ಎಂದುಕೊಳ್ಳಲಿಲ್ಲ, ಸ್ವಲ್ಪ ಸೊರಗಬಹುದು ಅಷ್ಟೇ ಎಂದುಕೊಂಡೆ. ಹಳೆಯದನ್ನು ನನ್ನ ಹುಳುಗಳಿಗೆ ಉಳಿಸಿಕೊಂಡು ಹೊಸದನ್ನು ನಿನ್ನ ಚೀಲಕ್ಕೆ ತುಂಬಿದೆ. ಈ ಭಾನುವಾರ ಇದನ್ನೂ ಸಭೆಗೆ ಹೇಳುತ್ತೇನೆ, ಆದರೆ ನಿನಗೆ ಮೊದಲು ತಿಳಿದಿರಲಿ. ಆ ಹಳೆಯ ರಾಶಿಯಲ್ಲಿ ಉಳಿದಿದ್ದ ಕೊನೆಯ ಬುಟ್ಟಿಯನ್ನು ನಿನ್ನ ಬಕೆಟ್ಟಿಗೆ ಹಾಕಿದ್ದೇನೆ.