ಶೂನ್ಯಪ್ಪನನ್ನು ಹುಟ್ಟಿಸಿದ ಮುತ್ತಜ್ಜನಿಗೆ

ಹಿರೇಗುಡ್ಡ,
ಶೂನ್ಯಪ್ಪ ಶಕೆ ೧೧೯, ಮಾಘ ಮಾಸದ ಮೂವತ್ತನೆಯ ದಿನ

ಮುತ್ತಜ್ಜ ಚನ್ನವೀರನಿಗೆ,

ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿನ್ನನ್ನು ‘ನೀವು’ ಎನ್ನದಿರುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನು ನಿನ್ನ ಮರಿಮೊಮ್ಮಗಳು ನೀಲಾಂಬಿಕೆ. ಊರಿನ ಮದ್ದುಮನೆಯಲ್ಲಿ ಸಾಲೋದುಗಾರ್ತಿ. ಅಂದರೆ ನಿಮ್ಮ ಕಾಲದವರು ಬರೆದಿಟ್ಟು ಹೋದ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿ, ಅವು ಯಾಕೆ ಹಾಗಾಡುತ್ತವೆ ಎಂದು ಊರವರಿಗೆ ತಿಳಿಸುವವಳು.

ಮದ್ದುಮನೆಯ ಸರ್ವರಿನಲ್ಲಿ ಇಂದಿಗೂ ಓಡುತ್ತಿರುವುದು ನಿನ್ನ ಸ್ಕ್ರಿಪ್ಟೇ. ಕಿಟಕಿಯಲ್ಲಿ ಕೂತವರು ರೋಗಿಯ ಹೆಸರು, ವಯಸ್ಸು, ತೂಕ ಕಳಿಸುತ್ತಾರೆ. ಅದು ಔಷಧದ ಅಳತೆ ಹೇಳುತ್ತದೆ. ಪ್ರತಿ ಕೋರಿಕೆಗೂ ರೋಗಿಯನ್ನು ಹೊಸದಾಗಿ ಬರೆದುಕೊಳ್ಳಬೇಕೆಂಬಷ್ಟು ಬುದ್ಧಿ ನಿನಗಿರಲಿಲ್ಲ. ‘ರೋಗಿ’ ಎಂಬ ಒಂದೇ ಗ್ಲೋಬಲ್ ವೇರಿಯಬಲ್ಲನ್ನು, ಅಂದರೆ ಬಂದವರಿಗೆಲ್ಲ ಒಂದೇ ಡಬ್ಬಿಯನ್ನು, ಒಂದು ಸಾಲಿನಲ್ಲಿ ಬರೆದು ಎಲ್ಲಕ್ಕಿಂತ ಮೇಲೆ ಕೂರಿಸಿ ಎದ್ದುಹೋದೆ. ಸರ್ವರ್ ಓಡುವವರೆಗೂ ಅದು ಅಳಿಯುವುದಿಲ್ಲ. ಮುಂದಿನವರು ಯಾವ ಖಾನೆ ಖಾಲಿ ಬಿಡುತ್ತಾರೋ ಅಲ್ಲಿ ಹಿಂದಿನವರದ್ದೇ ಉಳಿಯುತ್ತದೆ. ಪಕ್ಕದಲ್ಲಿ ‘ಸದ್ಯಕ್ಕೆ ಇರಲಿ, ಆಮೇಲೆ ನೋಡೋಣ’ ಎಂದು ಬೇರೆ ಬರೆದಿದ್ದೀಯ. ನೂರಿಪ್ಪತ್ತು ವರ್ಷವಾಯಿತು, ನೋಡಿದೆಯಾ?

ಊರವರೂ ನಿನಗಿಂತ ಜಾಣರೇನಲ್ಲ. ಇಬ್ಬರು ರೋಗಿಗಳ ನಡುವೆ, ಎಲ್ಲ ಖಾನೆಯಲ್ಲೂ ಸೊನ್ನೆ ತುಂಬಿದ ಒಬ್ಬ ಸುಳ್ಳು ರೋಗಿಯನ್ನು ಕಳಿಸತೊಡಗಿದರು. ಇದಕ್ಕೆ ‘ತೊಳೆಯುವುದು’ ಎನ್ನುತ್ತಾರೆ. ತೊಳೆದ ಮೇಲೆ ತೂಕ ಕೊಡದಿದ್ದರೆ ಯಂತ್ರ ಔಷಧ ಕೊಡುವುದಿಲ್ಲ. ಆ ಸೊನ್ನೆಯವನಿಗೆ ಶೂನ್ಯಪ್ಪ ಎಂದು ಹೆಸರಿಟ್ಟರು. ಬರಬರುತ್ತಾ ಅವನು ಊರಿನ ಹಿರಿಯನಾದ. ಅವನ ಹೆಸರು ಕೇಳಿದರೆ ಸರದಿಯಲ್ಲಿ ನಿಂತವರೆಲ್ಲ ತಲೆ ಬಾಗಿಸುತ್ತಾರೆ. ವರ್ಷಕ್ಕೊಮ್ಮೆ ಅವನ ಹುಟ್ಟುಹಬ್ಬ, ಹೋಳಿಗೆ ಊಟ. ಅಂದು ಪಾಪ ಅವನಿಗೆ ರಜೆಯಂತೆ, ತೊಳೆಯುವಂತಿಲ್ಲ! ಇಂಥ ಮುಠ್ಠಾಳತನವನ್ನು ನೀನು ಕೂಡ ಊಹಿಸಿರಲಾರೆ.

ಹೋದ ವರ್ಷ ಅದೇ ದಿನ ನನ್ನ ಮಗಳು ತುಂಗವ್ವನಿಗೆ ಫಿಟ್ಸ್ ಬಂತು. ಆರು ವರ್ಷದ ಕೂಸು. ಅವಳ ಮುಂದಿದ್ದವನು ತೊಂಬತ್ತೆರಡು ಕಿಲೋದ ಕಮ್ಮಾರ. ತಕ್ಕಡಿ ಕೆಟ್ಟಿತ್ತು, ಗಡಿಬಿಡಿಯಲ್ಲಿ ತೂಕದ ಖಾನೆ ಖಾಲಿ ಹೋಯಿತು. ಹದಿನೈದು ಕಿಲೋದವಳಿಗೆ ಕಮ್ಮಾರನ ಅಳತೆಯ ಔಷಧ ಬಿತ್ತು. ನಾಲ್ಕು ದಿನ ಕಣ್ಣು ಬಿಡಲಿಲ್ಲ. ಬಿಟ್ಟಾಗ ಬಲಗೈ ಸ್ವಾಧೀನದಲ್ಲಿರಲಿಲ್ಲ.

ನಿನ್ನ ಆ ‘ರೋಗಿ’ಯ ಸಾಲನ್ನು ಮೇಲಿಂದ ತೆಗೆದು ಪ್ರತಿ ಕೋರಿಕೆಯ ಒಳಗೆ ಸರಿಸಿದರೆ ಪ್ರತಿಯೊಬ್ಬ ರೋಗಿಯೂ ಹೊಸಬ, ತೊಳೆಯುವ ಗೊಡವೆಯೇ ಇಲ್ಲ ಎಂದು ಪಂಚರ ಮುಂದೆ ಹೇಳಿದೆ. ಮದ್ದುಮನೆಯ ಯಜಮಾನ ಬಸಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಶೂನ್ಯಪ್ಪಜ್ಜನ್ನ ಹೊರಗ ಹಾಕಾಕ ನೀ ಯಾರವ್ವಾ? ನಮ್ಮಜ್ಜನ ಕಾಲದಿಂದ ನಡಕೊಂಡು ಬಂದೈತಿ!” ಎಂದ. ಉಳಿದವರು ಎಲೆ ಅಡಿಕೆ ಮೆಲ್ಲುತ್ತಾ ತಲೆಯಾಡಿಸಿದರು. ಇಲ್ಲದವನ ಮರ್ಯಾದೆ ಇವರಿಗೆ ದೊಡ್ಡದು, ಇರುವ ಕೂಸಿನ ಕೈ ಲೆಕ್ಕಕ್ಕಿಲ್ಲ. ಇವರನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ನಾಳೆ ಮತ್ತೆ ಆ ಹಬ್ಬ. ನನ್ನ ಮಗಳ ತೂಕವನ್ನು ನಾನು ಬರೆದೇನು, ಸರದಿಯಲ್ಲಿ ನಿಲ್ಲುವ ಉಳಿದ ಮಕ್ಕಳದ್ದು? ಅದಕ್ಕೇ ಯಾರ ಅಪ್ಪಣೆಯನ್ನೂ ಕೇಳದೆ ಇಂದು ಮಧ್ಯಾಹ್ನ ಆ ಸಾಲನ್ನು ಒಳಗೆ ಸರಿಸಿದೆ. ನಾಲ್ಕು ನಿಮಿಷ ಹಿಡಿಯಿತು. ಗೊತ್ತಾದರೆ ನನ್ನನ್ನೂ ಮಗಳನ್ನೂ ಊರಿಂದ ಅಟ್ಟುತ್ತಾರೆ. ಬಟ್ಟೆಬರೆ ಗಂಟು ಕಟ್ಟಿಟ್ಟಿದ್ದೇನೆ.

ಈ ಪತ್ರ ಹೇಗಾದರೂ ನಿನ್ನ ಕೈ ಸೇರಿದರೆ, ಉತ್ತರ ಬೇಡ, ಸಮಜಾಯಿಷಿಯೂ ಬೇಡ. ಎದ್ದು ಹೋಗಿ ಆ ನಾಲ್ಕು ನಿಮಿಷದ ಕೆಲಸ ಮಾಡು. ತುಂಗವ್ವ ಈಗ ನನ್ನೆದುರು ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದಾಳೆ. ಅರ್ಧ ನೆಲಕ್ಕೆ ಬೀಳುತ್ತಿದೆ.

ನೀಲಾಂಬಿಕೆ