ಬಲಬದಿಯ ಬ್ರಾಕೆಟ್

ಸೋಮವಾರ, ಜೂನ್ 10. ಬೆಳಿಗ್ಗೆ 6.40

ಶನಿವಾರದ ದಿನಚರಿಯಲ್ಲಿ ಒಂದು ತಪ್ಪಿದೆ, ತಿದ್ದುತ್ತಿದ್ದೇನೆ. ‘ಎರಡೂ ಬದಿಯ ಬ್ರಾಕೆಟ್‌ಗಳಿಗೆ ಕೆಂಪು ದ್ರವ ಹಚ್ಚಿ ಪರೀಕ್ಷಿಸಿದೆವು, ಬಿರುಕು ಕಾಣಲಿಲ್ಲ’ ಎಂದು ಬರೆದಿದ್ದೇನೆ. ಪರೀಕ್ಷಿಸಿದ್ದು ಎಡಬದಿಯದನ್ನು ಮಾತ್ರ.

ಗೊತ್ತಾದದ್ದು ಈಗ, ಕೋಟಿನ ಜೇಬು ಖಾಲಿ ಮಾಡುವಾಗ. ಒರೆಸಲೆಂದು ಎರಡು ಬಿಳಿ ಬಟ್ಟೆ ಒಯ್ದಿದ್ದೆ, ಬದಿಗೊಂದರಂತೆ. ಎರಡನೆಯದು ಮಡಿಕೆ ಸಹ ಬಿಚ್ಚದೆ ಹಾಗೆಯೇ ಇದೆ.

ಹೇಗಾಯಿತೆಂಬುದನ್ನು ಕ್ರಮವಾಗಿ ಬರೆಯುವೆ. ಆ ಬ್ರಾಕೆಟ್‌ಗಳಿರುವ ಪುಟ್ಟ ವಿಮಾನ ಗೇಲ್ ಪ್ರೊಹಾಸ್ಕಳದು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಶಾಲಾ ಬಸ್ಸಿನ ಚಾಲಕಿ. ಅಪ್ಪನ ಹಾಲಿನ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ಕುಳಿತು ಈ ಎರಡು ಆಸನದ ಯಂತ್ರವನ್ನು ತಾನೇ ಕಟ್ಟಿದಳು. ಏಪ್ರಿಲ್‌ನಲ್ಲಿ ಇಳಿಯುವಾಗ ನೆಲಕ್ಕೆ ಜೋರಾಗಿ ಬಡಿದು ವಿಮಾನದ ಎಡಗಾಲು, ಅಂದರೆ ಚಕ್ರ ಹೊತ್ತ ಕಂಬ, ಬಾಗಿತು. ವೆಲ್ಡಿಂಗ್‌ನ ವಿಲ್ಮರ್ ಅದನ್ನು ನೆಟ್ಟಗೆ ಮಾಡಿ, ಎರಡೂ ಕಾಲುಗಳಿಗೆ ಉದ್ದಕ್ಕೂ ಉಕ್ಕಿನ ಪಟ್ಟಿ ಬೆಸೆದು ಗಟ್ಟಿ ಮಾಡಿಕೊಟ್ಟ. ಕೊಡುವಾಗಲೇ ಹೇಳಿದ್ದ: “ಕಾಲು ಬಗ್ಗೋದು ನಿಂತ್ರೆ ಪೆಟ್ಟು ಎಲ್ಲಿಗಾದ್ರೂ ಹೋಗ್ಬೇಕಲ್ಲ ಮೇಷ್ಟ್ರೇ. ಇನ್ಮೇಲೆ ಅದು ಸೊಂಟಕ್ಕೆ ಹೋಗತ್ತೆ. ಆ ಬ್ರಾಕೆಟ್ ಮೇಲೆ ಕಣ್ಣಿಟ್ಟಿರಿ.” ಕಾಲು ಒಡಲಿಗೆ ಕೂಡುವ ಕಡೆ ಇರುವುದೇ ಆ ಬ್ರಾಕೆಟ್.

ಗೇಲ್‌ಳ ಕೈಬರಹ ಕೋಳಿ ಕೆದರಿದ ಹಾಗೆ. ಆದ್ದರಿಂದ ವಿಮಾನದ ತಪಾಸಣೆ ದಾಖಲಿಸುವ ಲಾಗ್‌ಬುಕ್ ಬರೆಯುವುದು ನಾನು, ಸಹಿ ಅವಳದು. ತಾನೇ ಕಟ್ಟಿದವಳಾದ್ದರಿಂದ ಅವಳ ಸಹಿಯೊಂದೇ ಸಾಕು, ಬೇರೆ ಯಾರೂ ನೋಡುವುದಿಲ್ಲ. ಶನಿವಾರದ ಪುಟವನ್ನು ಬೆಳಿಗ್ಗೆ ಮನೆಯಲ್ಲೇ ಅಂದವಾಗಿ ಬರೆದಿಟ್ಟುಕೊಂಡು ಹೋಗಿದ್ದೆ — ಕೆಲಸಕ್ಕೆ ಮೊದಲೇ. ಎಡಬದಿ ಮುಗಿಯಿತು. ಬಲಬದಿಯ ಮುಚ್ಚಳದ ಒಂದು ಸ್ಕ್ರೂ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಶಾಲೆಯ ಆಟದ ತಂಡದ ಹುಡುಗಿಯರನ್ನು ಬಸ್ಸಿನಲ್ಲಿ ಒಯ್ಯುವ ಹೊತ್ತಾಯಿತೆಂದು ಗೇಲ್ ಪುಟಕ್ಕೆ ಸಹಿ ಹಾಕಿ, ಉಳಿದದ್ದನ್ನು ನನಗೆ ಬಿಟ್ಟು ಹೋದಳು. ಊಟದ ನಂತರ ನೋಡೋಣವೆಂದುಕೊಂಡೆ. ಊಟದ ನಂತರ ಮನೆಗೆ ಬಂದೆ. ರಾತ್ರಿಯ ದಿನಚರಿಯನ್ನು ಆ ಪುಟದಿಂದಲೇ ನಕಲು ಮಾಡಿದೆ.

ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿದೆ: ಕಂಡದ್ದನ್ನು ಬರೆಯಿರಿ, ಕಾಣಬೇಕಾದದ್ದನ್ನಲ್ಲ.

ನಾಳೆ ಗೇಲ್‌ಗೆ ಹೇಳುವೆ.

ಮಂಗಳವಾರ, ಜೂನ್ 11. ಮಧ್ಯಾಹ್ನ 12.15

ಹಾರಾಟದ ಮೈದಾನಕ್ಕೆ ಹೋದೆ. ಹೇಳಲಿಲ್ಲ.

ಗೇಲ್ ಆಗಷ್ಟೇ ಇಳಿಯುತ್ತಿದ್ದಳು. ಅಡ್ಡಗಾಳಿ. ಬಲಚಕ್ರ ಮೊದಲು ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಕಾಫಿ ಹಿಡಿದು ನಿಂತವರು ನಕ್ಕರು. ನಾನು ಬಲಚಕ್ರವನ್ನೇ ನೋಡುತ್ತಿದ್ದೆ. ಇಳಿದು ಬಂದವಳೇ ಕೇಳಿದಳು: “ಹತ್ತಕ್ಕೆ ಎಷ್ಟು ಅಂಕ ಮೇಷ್ಟ್ರೇ?”

“ಏಳು,” ಎಂದೆ.

“ಒಂಬತ್ತನೇ ಕ್ಲಾಸಿಂದ ನಿಮ್ಮ ಹತ್ರ ಏಳು ದಾಟಿಲ್ಲ ನಾನು. ನನ್ನ ಸಮಾಧಿ ಕಲ್ಲಿನ ಮೇಲೂ ಏಳು ಅಂತಲೇ ಬರೀತೀರಿ.”

ಎಲ್ಲರೂ ಇನ್ನಷ್ಟು ನಕ್ಕರು. ಆ ಮಾತಿನ ಮೇಲೆ ಬಾಯಿ ತೆರೆಯಲಾಗಲಿಲ್ಲ.

ವಿಮಾನವನ್ನು ಹ್ಯಾಂಗರ್ ಶೆಡ್ಡಿನೊಳಗೆ ತಳ್ಳುವಾಗ ನಾನು ಬಲಬದಿಯಲ್ಲಿದ್ದೆ. ಹೊಸ್ತಿಲ ಉಬ್ಬು ದಾಟುವಾಗ ‘ಟಿಕ್’ ಎಂದಿತು. ಒಂದೇ ಸಲ. ಗಡಿಯಾರದ ಸದ್ದಿಗಿಂತ ಸಣ್ಣದು. ಕೇಳಿಸಿತೇ ಎಂದು ಗೇಲ್‌ಳನ್ನು ಕೇಳಿದೆ. “ನಿಮ್ಮ ಮಂಡಿಯಿರ್ಬೇಕು ಮೇಷ್ಟ್ರೇ,” ಎಂದಳು.

ಇನ್ನೊಂದು. ತಾನೇ ಕಟ್ಟಿದ ವಿಮಾನವಾದ್ದರಿಂದ, ನಿಯಮದಂತೆ ಗೇಲ್ ನಲವತ್ತು ಗಂಟೆ ಒಬ್ಬಳೇ ಹಾರಿ ಮುಗಿಸುವವರೆಗೆ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಗುರುವಾರಕ್ಕೆ ಅದು ಮುಗಿಯುತ್ತದೆ. ಶನಿವಾರ ಮೈದಾನದಲ್ಲಿ ನಮ್ಮ ಹಾರಾಟ ಸಂಘದ ಪ್ಯಾನ್‌ಕೇಕ್ ಉಪಾಹಾರ. ಅಂದು ಮೊದಲ ಆಸನ ಬರ್ನೀಸ್‌ಗೆ ಎಂದು ಗೇಲ್ ಎಲ್ಲರೆದುರು ಸಾರಿದಳು. ಒಂಬತ್ತು ವರ್ಷ ಆ ಕೊಟ್ಟಿಗೆಗೆ ಬಿಸಿ ಊಟ ಕಳಿಸಿದವಳು ನನ್ನ ಹೆಂಡತಿ.

ಬುಧವಾರ, ಜೂನ್ 12. ಬೆಳಿಗ್ಗೆ 7.05

ಬ್ರಾಕೆಟ್ ಸರಿಯಾಗಿಯೇ ಇರಬಹುದು. ಎಡಬದಿಯದು ಸರಿಯಿತ್ತಲ್ಲ. ಒಂದೇ ಉಕ್ಕು, ಒಂದೇ ಕೈಕೆಲಸ.

ಆದರೆ ಅಡ್ಡಗಾಳಿಯಲ್ಲಿ ಮೊದಲು ಮುಟ್ಟುವುದು ಬಲಚಕ್ರ. ಈ ವಸಂತವೆಲ್ಲ ಗಾಳಿ ಬಲಗಡೆಯಿಂದಲೇ ಬೀಸಿದೆ.

ಶುಕ್ರವಾರ, ಜೂನ್ 14. ಬೆಳಿಗ್ಗೆ 8.20

ನಿನ್ನೆ ಬರೆಯಲಿಲ್ಲ. ಬರೆಯುವಂಥ ಕೆಲಸ ಮಾಡಿರಲಿಲ್ಲ.

ಗೇಲ್ ಬೇಸಿಗೆ ತರಗತಿಯ ಬಸ್ಸಿನಲ್ಲಿರುವ ಹೊತ್ತು ನೋಡಿ, ಕೆಂಪು ದ್ರವದ ಡಬ್ಬಿ, ಅದರ ಮೇಲೆ ಸಿಂಪಡಿಸುವ ಬಿಳಿಯ ಡಬ್ಬಿ, ಆ ಮಡಿಸಿದ ಬಟ್ಟೆ — ಮೂರನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ಯಾರಿಗೂ ತಿಳಿಯದಂತೆ ಬಲಬದಿಯನ್ನು ಪರೀಕ್ಷಿಸಿಬಿಟ್ಟರೆ ಬರೆದದ್ದು ನಿಜವೇ ಆಗಿಬಿಡುತ್ತದೆಂಬ ಎಣಿಕೆ. ಹ್ಯಾಂಗರ್ ಖಾಲಿ. ರಜೆ ಹಾಕಿ ಹಾರಲು ಹೋಗಿದ್ದಳು. ಸೋಯಾ ಹೊಲದ ಬೇಲಿಯ ಬಳಿ ಒಂದು ಗಂಟೆ ನಿಂತೆ. ಇಳಿದಳು, ಮತ್ತೆ ಏರಿದಳು. ಇಳಿದಳು, ಮತ್ತೆ ಏರಿದಳು. ಪ್ರತಿ ಸಲ ಚಕ್ರ ಹುಲ್ಲನ್ನು ಮುಟ್ಟುವಾಗ ಕಣ್ಣು ಮುಚ್ಚಿದೆ. ನೋಡುವ ಧೈರ್ಯವೂ ಇಲ್ಲದವನು!

ನಲವತ್ತು ಗಂಟೆ ತುಂಬಿತು. ಸಂಘದ ವಾಡಿಕೆಯಂತೆ ವಿಲ್ಮರ್ ಅವಳ ತಲೆಗೆ ಒಂದು ಬಕೆಟ್ ನೀರು ಸುರಿದ. ನಾನೂ ಚಪ್ಪಾಳೆ ತಟ್ಟಿದೆ, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು.

ಬರ್ನೀಸ್ ಹೊಸ ನೀಲಿ ತಲೆವಸ್ತ್ರ ಕೊಂಡಿದ್ದಾಳೆ. ಇಂದು ಬೆಳಿಗ್ಗೆ ಮೊಟ್ಟೆ ಬಡಿಸುತ್ತಾ ಕೇಳಿದಳು: “ನಾಲ್ಕು ದಿನದಿಂದ ತಟ್ಟೆ ಹಾಗೇ ಬಿಡ್ತಿದೀಯ ಎರ್ಲಿಂಗ್. ನಾನು ಹಾರೋದು ನಿಂಗೆ ಭಯಾನಾ?”

ಹೌದು ಎಂದೆ. ಅದಷ್ಟೇ ನಿಜ ಹೇಳಿದೆ. ಅವಳು ನನ್ನ ಕೈ ತಟ್ಟಿದಳು. “ಗೇಲ್ ಎಲ್ಲಾ ಎರಡೆರಡು ಸಲ ನೋಡಿರ್ತಾಳೆ. ಅದೂ ಅಲ್ದೆ, ಬರ್ಕೊಂಡಿರೋನು ನೀನಲ್ವಾ?”

ಶನಿವಾರ, ಜೂನ್ 15. ಬೆಳಿಗ್ಗೆ 9.21

ಹ್ಯಾಂಗರಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸುಮ್ಮನೆ ಕಾಯಲಾರೆ. ಕೈಗೆ ಏನಾದರೂ ಬೇಕು.

ಎಂಟೂವರೆಗೆ ಬಂದೆವು. ಬರ್ನೀಸ್ ಆಗಲೇ ಆಸನವೇರಿ ಪಟ್ಟಿ ಬಿಗಿದುಕೊಂಡಿದ್ದಳು. ನೀಲಿ ವಸ್ತ್ರದ ಮೇಲೆ ಹೆಡ್‌ಫೋನ್. ಹೊರಗೆ ಪ್ಯಾನ್‌ಕೇಕಿಗೆ ಸಾಲು ನಿಂತ ಜನ ಕೈ ಬೀಸುತ್ತಿದ್ದರು. ಗೇಲ್ ವಿಮಾನವನ್ನು ಒಂದು ಸುತ್ತು ಬಂದಳು. ಬಲಗಾಲನ್ನು ಸವರಿ ಮುಂದೆ ಹೋದಳು. ಮುಚ್ಚಳ ತೆಗೆಯಲಿಲ್ಲ. ಯಾಕೆ ತೆಗೆಯುತ್ತಾಳೆ? ಒಂದು ವಾರದ ಹಿಂದೆ ನೋಡಿದ್ದಾಗಿದೆ, ನನ್ನ ಅಕ್ಷರದಲ್ಲಿ.

ಅವಳ ತೋಳು ಹಿಡಿದೆ. ಬಲಬದಿಯದನ್ನು ನೋಡಿಲ್ಲ, ನೋಡಿದೆನೆಂದು ಬರೆದಿದ್ದೇನೆ ಎಂದೆ.

ಅವಳು ನನ್ನನ್ನೇ ನೋಡಿದಳು. “ಯಾವತ್ತು ಗೊತ್ತಾಯ್ತು ನಿಮಗೆ?”

“ಸೋಮವಾರ.”

“ಸೋಮವಾರದಿಂದ ಹತ್ತೊಂಬತ್ತು ಸಲ ಇಳಿದಿದೀನಿ ಮೇಷ್ಟ್ರೇ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಬರ್ನೀಸ್‌ಳ ಕೈ ಹಿಡಿದು ಕೆಳಗಿಳಿಸಿದಳು. ಬರ್ನೀಸ್ ನನ್ನ ಮುಖ ನೋಡಿದಳು. ತಲೆವಸ್ತ್ರ ಬಿಚ್ಚಿ ಮಡಿಸತೊಡಗಿದಳು.

ವಿಲ್ಮರ್ ಕಚ್ಚಿದ ಸ್ಕ್ರೂವನ್ನು ಕೊರೆದು ತೆಗೆದ. ಬಣ್ಣ ಕೆರೆದೆವು. ಕೆಂಪು ಹಚ್ಚಿ ಹತ್ತು ನಿಮಿಷ ಬಿಟ್ಟೆವು. ನಾನೇ ಒರೆಸಿದೆ, ಆ ಎರಡನೆಯ ಬಟ್ಟೆಯಿಂದ. ಮೇಲೆ ಬಿಳಿ ಸಿಂಪಡಿಸಿದೆವು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಒಸರುತ್ತದೆ. ಕಾಯಬೇಕು.

9.26. ಸುಣ್ಣ ಹೊಡೆದ ಗೋಡೆಯಂತಿದೆ. ಏನೂ ಇಲ್ಲ.

9.29. ಏನೂ ಇಲ್ಲ. ವಿಲ್ಮರ್ ಉಸಿರು ಬಿಟ್ಟ.

9.31. ಕೆಳಗಿನ ಬೋಲ್ಟಿನ ಪಕ್ಕದಲ್ಲಿ ಒಂದು ಚುಕ್ಕೆ. ಒರೆಸುವಾಗ ಉಳಿದ ಕಲೆ ಇರಬಹುದೆಂದೆ.

9.33. ಚುಕ್ಕೆಯಲ್ಲ, ಗೆರೆ. ಕೂದಲಿನಷ್ಟು ತೆಳ್ಳಗೆ, ಬೋಲ್ಟಿನಿಂದ ಹೊರಟು ಮೇಲಕ್ಕೆ ಹತ್ತುತ್ತಿದೆ. ನನ್ನ ಹೆಬ್ಬೆರಳಿನ ಉಗುರಿನಷ್ಟು. ಈಗ ಹೆಬ್ಬೆರಳಿನಷ್ಟು. ಬರ್ನೀಸ್ ಹತ್ತಿರ ಬಂದು ಬಗ್ಗಿ ನೋಡಿದಳು. ಆಮೇಲೆ ಹೊರಗೆ ಹೋಗಿ ಹುಲ್ಲಿನ ಮೇಲೆ ಕುಳಿತಳು.

ಗೇಲ್ ಲಾಗ್‌ಬುಕ್ಕನ್ನೂ ಪೆನ್ನನ್ನೂ ನನ್ನ ಮಡಿಲಿಗಿಟ್ಟಳು. “ಅಳಿಸ್ಬೇಡಿ. ಒಂದೇ ಗೆರೆ ಹೊಡೀರಿ, ಕೆಳಗಿರೋದು ಓದೋ ಹಾಗಿರ್ಲಿ. ನೀವೇ ಕಲಿಸಿದ್ದು.”

ಹೊಡೆದೆ. ಕೆಳಗೆ ಬರೆದೆ: ‘ಬಲಬದಿಯ ಬ್ರಾಕೆಟ್: ಕಳೆದ ವಾರ ಪರೀಕ್ಷಿಸಿರಲಿಲ್ಲ. ಇಂದು ಪರೀಕ್ಷಿಸಲಾಯಿತು. ಕೆಳಗಿನ ಬೋಲ್ಟಿನಿಂದ ಮೇಲಕ್ಕೆ ಬಿರುಕು. ಉದ್ದ —’

ಅಳತೆಪಟ್ಟಿ ಹಿಡಿದು ಗೇಲ್ ಕಾಯುತ್ತಿದ್ದಾಳೆ. ಇನ್ನೂ ನಿಂತಿಲ್ಲ ಆ ಕೆಂಪು ಗೆರೆ.

ಶನಿವಾರ, ಜೂನ್ 15, ಬೆಳಿಗ್ಗೆ 9 ಗಂಟೆ 38 ನಿಮಿಷ.